ಬೆಲುಗಾ ತಿಮಿಂಗಿಲಗಳ ವಲಸೆಯ ಜಾಡು: ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಧ್ರುವದ ಸುತ್ತಲಿನ ಕಡಲಿನ ನಕ್ಷೆ, ಅದರ ಮೇಲೆ ಬಣ್ಣಬಣ್ಣದ ಅಂಕುಡೊಂಕು ಗೆರೆಗಳು. ಒಂದೊಂದು ಗೆರೆಯೂ ಒಂದೊಂದು ಬೆಲುಗಾ. ಇಂಥ ಚಿತ್ರ ನೋಡಿದವರಿಗೆ ಮೊದಲು ಬೆರಗು, ಆಮೇಲೆ ಸಾಲುಸಾಲು ಪ್ರಶ್ನೆ. ಹೆಚ್ಚು ಸಲ ಕೇಳಿಬರುವವನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಓದುವಾಗ ಒಂದು ಮಾತು ನೆನಪಿರಲಿ: ತಿಮಿಂಗಿಲ ಕೊಟ್ಟದ್ದು ಬರೀ ಚುಕ್ಕಿಗಳನ್ನು, ಅಂದರೆ ಆಗಾಗ ಅದು ಎಲ್ಲಿತ್ತು ಎಂಬ ಗುರುತುಗಳನ್ನು. ಅವುಗಳನ್ನು ಸೇರಿಸಿ ಗೆರೆ ಎಳೆದವರು ನಾವು.

ಬೆಲುಗಾ ಅಂದರೆ ಯಾವ ತಿಮಿಂಗಿಲ?

ಅಚ್ಚ ಬಿಳಿ ಬಣ್ಣದ, ಉಬ್ಬಿದ ಹಣೆಯ, ಯಾವಾಗಲೂ ಮುಗುಳ್ನಗುವ ಹಾಗೆ ಕಾಣುವ ತಿಮಿಂಗಿಲ. ಉದ್ದ ಸುಮಾರು 3ರಿಂದ 5 ಮೀಟರ್. ತಿಮಿಂಗಿಲಗಳ ಲೆಕ್ಕದಲ್ಲಿ ಚಿಕ್ಕದೇ. ಉದ್ದ ಕೊಂಬಿನಂಥ ಹಲ್ಲಿರುವ ನಾರ್ವಾಲ್ ಇದರ ಹತ್ತಿರದ ನೆಂಟ. ಮರಿ ಹುಟ್ಟುವಾಗ ಬೂದು ಬಣ್ಣ. ಪೂರ್ತಿ ಬೆಳ್ಳಗಾಗಲು ವರ್ಷಗಳೇ ಬೇಕು.

ಬೆನ್ನ ಮೇಲೆ ರೆಕ್ಕೆ ಇಲ್ಲ. ಅದರ ಜಾಗದಲ್ಲಿ ಗಟ್ಟಿಯಾದ ಒಂದು ಏಣು ಇದೆ, ಅಷ್ಟೇ. ಮಂಜುಗಡ್ಡೆಯ ಕೆಳಗೆ ಬೆನ್ನುಜ್ಜಿಕೊಂಡು ಈಜುವ ಪ್ರಾಣಿಗೆ ರೆಕ್ಕೆ ಇದ್ದಿದ್ದರೆ ತೊಂದರೆಯೇ. ಆದರೆ ಟ್ಯಾಗ್, ಅಂದರೆ ಜಾಡು ಹಿಡಿಯಲು ಮೈಗೆ ಸಿಕ್ಕಿಸುವ ಸಣ್ಣ ರೇಡಿಯೋ ಉಪಕರಣ, ಹಾಕುವವರಿಗೆ ರೆಕ್ಕೆ ಇಲ್ಲದಿರುವುದೇ ತಲೆನೋವು. ಅದು ಮುಂದೆ ಬರುತ್ತದೆ.

ಹೆಸರು ಬಂದದ್ದು 'ಬಿಳಿ' ಎಂಬ ಅರ್ಥದ ರಷ್ಯನ್ ಪದದಿಂದ. ತಮಾಷೆ ಅಂದರೆ ಇವತ್ತಿನ ರಷ್ಯನ್ ಭಾಷೆಯಲ್ಲಿ 'ಬೆಲುಗಾ' ಅಂದರೆ ಕ್ಯಾವಿಯರ್ ಎಂಬ ದುಬಾರಿ ಮೊಟ್ಟೆ ಕೊಡುವ ಸ್ಟರ್ಜನ್ ಮೀನು. ತಿಮಿಂಗಿಲಕ್ಕೆ ಅವರು 'ಬೆಲುಖಾ' ಅನ್ನುತ್ತಾರೆ.

ಎಲ್ಲ ಬೆಲುಗಾಗಳೂ ವಲಸೆ ಹೋಗುತ್ತವಾ?

ಇಲ್ಲ. ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. ಅಲಾಸ್ಕಾದ ಕುಕ್ ಇನ್ಲೆಟ್ ಎಂಬ ಕೊಲ್ಲಿಯ ಬೆಲುಗಾಗಳು ವರ್ಷವಿಡೀ ಅಲ್ಲೇ ಇರುತ್ತವೆ. ಕೆನಡಾದ ಸೇಂಟ್ ಲಾರೆನ್ಸ್ ನದಿಯ ಬೆಲುಗಾಗಳೂ ಹಾಗೆಯೇ: ಬೇಸಿಗೆಯಲ್ಲಿ ಸಾಗ್ನೇ ನದಿ ಸೇರುವ ಜಾಗದ ಆಸುಪಾಸು, ಚಳಿಗಾಲದಲ್ಲಿ ಸ್ವಲ್ಪ ಕೆಳಕ್ಕೆ ಕೊಲ್ಲಿಯ ಕಡೆ. ಅದನ್ನು ವಲಸೆ ಅನ್ನುವುದಕ್ಕಿಂತ ಮನೆಯೊಳಗೆ ಕೋಣೆ ಬದಲಿಸಿದ ಹಾಗೆ ಅನ್ನಬಹುದು.

ದೂರ ಹೋಗುವವು ಬೇರೆ. ಕೆನಡಾದ ಮೆಕೆಂಜಿ ನದಿಯ ಅಳಿವೆಯಲ್ಲಿ ಬೇಸಿಗೆ ಕಳೆಯುವ ಬ್ಯೂಫೋರ್ಟ್ ಕಡಲಿನ ಹಿಂಡು ಚಳಿಗಾಲಕ್ಕೆ ಬೇರಿಂಗ್ ಕಡಲಿಗೆ ಹೋಗುತ್ತದೆ. ವಸಂತದಲ್ಲಿ ಮಂಜುಗಡ್ಡೆಯ ಬಿರುಕುಗಳಲ್ಲಿ ಅಲಾಸ್ಕಾದ ಉತ್ತರ ತುದಿ ಸುತ್ತಿ ವಾಪಸ್ ಬರುತ್ತದೆ. ಹೋಗಿಬರುವ ದಾರಿ ಸಾವಿರಾರು ಕಿಲೋಮೀಟರ್. ಹಡ್ಸನ್ ಕೊಲ್ಲಿಯ ಪಶ್ಚಿಮ ದಡದ ಹಿಂಡು ಎಲ್ಲಕ್ಕಿಂತ ದೊಡ್ಡವುಗಳಲ್ಲಿ ಒಂದು, ಸುಮಾರು 55,000. ಚರ್ಚಿಲ್, ಸೀಲ್, ನೆಲ್ಸನ್ ನದಿಗಳ ಬಾಯಲ್ಲಿ ಬೇಸಿಗೆ ಕಳೆದು ಅವು ಚಳಿಗಾಲಕ್ಕೆ ಹಡ್ಸನ್ ಜಲಸಂಧಿಗೆ ಹೋಗುತ್ತವೆ.

ಬೇಸಿಗೆಯಲ್ಲಿ ನದಿ ಬಾಯಿಗೇ ಯಾಕೆ ಬರುತ್ತವೆ?

ಒಂದೇ ಕಾರಣ ಹೇಳಲು ಆಗುವುದಿಲ್ಲ. ಮರಿಗಳಿಗೆ ಬೆಚ್ಚಗಿನ ನೀರು, ಬೆಲುಗಾಗಳನ್ನು ಬೇಟೆಯಾಡುವ ಓರ್ಕಾ ತಿಮಿಂಗಿಲಗಳು ಸುಲಭವಾಗಿ ಬರಲಾರದ ಆಳವಿಲ್ಲದ ನೀರು, ಕೆಲವು ಕಡೆ ಸಾಲ್ಮನ್ ಮೀನು. ಇದೆಲ್ಲದರ ಜೊತೆ ಪೊರೆ ಕಳಚುವ ಕೆಲಸವೂ ಇದೆ. ಹೌದು, ಬೆಲುಗಾಗಳು ವರ್ಷಕ್ಕೊಮ್ಮೆ ಹಳೇ ಚರ್ಮ ಕಳಚುತ್ತವೆ. ಬೇಸಿಗೆ ಹೊತ್ತಿಗೆ ಹಳದಿಗಟ್ಟಿದ ಮೈಯನ್ನು ನದಿಬಾಯಿಯ ಜಲ್ಲಿಕಲ್ಲಿನ ಮೇಲೆ ಹೊರಳಾಡಿಸಿ ಉಜ್ಜುತ್ತವೆ. ಬೆಚ್ಚಗಿನ ಸಿಹಿನೀರು ಹೊಸ ಚರ್ಮ ಬೇಗ ಬೆಳೆಯಲು ನೆರವಾಗುತ್ತದೆ. ಕೆನಡಾದ ಸಾಮರ್‌ಸೆಟ್ ದ್ವೀಪದ ಕನಿಂಗ್‌ಹ್ಯಾಮ್ ಇನ್ಲೆಟ್ ಇದಕ್ಕೇ ಹೆಸರುವಾಸಿ. ದಡದಲ್ಲಿ ನಿಂತವರಿಗೆ ಅದು ಸಾಮೂಹಿಕ ಸ್ನಾನದ ಹಾಗೇ ಕಾಣುತ್ತದೆ.

ಟ್ಯಾಗ್ ಹಾಕುವುದು ಹೇಗೆ?

ಎಲ್ಲರಿಗೂ ಇಷ್ಟವಾದ ಪ್ರಶ್ನೆ ಇದು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಬೇಸಿಗೆಯಲ್ಲಿ, ಆಳವಿಲ್ಲದ ನೀರಿರುವ ಅಳಿವೆಯಲ್ಲಿ ಕೆಲಸ. ಗಾಳಿ ನಿಂತಿರಬೇಕು, ನೀರು ಕಲಕಿರಬಾರದು. ಎರಡು ಮೂರು ಸಣ್ಣ ದೋಣಿಗಳು ಒಂದು ಬೆಲುಗಾವನ್ನು ನಿಧಾನವಾಗಿ ಆಳವಿಲ್ಲದ ನೀರಿನ ಕಡೆ ಅಟ್ಟುತ್ತವೆ. ನೀರು ಸೊಂಟದ ಮಟ್ಟಕ್ಕೆ ಬಂದಾಗ ಪ್ರಾಣಿ ಆಳಕ್ಕೆ ಮುಳುಗಲಾರದು. ಅದು ಮುಂದೆ ಮುಂದೆ ಹೋದಂತೆ ನೀರಿನ ಮೇಲೆ ಒಂದು ಉಬ್ಬು ಓಡುತ್ತದೆ. ಅನುಭವಿಗಳು ಆ ಉಬ್ಬನ್ನೇ ನೋಡಿಕೊಂಡು ದೋಣಿ ಓಡಿಸುತ್ತಾರೆ. ಹತ್ತಿರ ಬಂದಾಗ ದೊಡ್ಡ ಬಳೆಗೆ ಕಟ್ಟಿದ ಬಲೆಯನ್ನು ತಲೆಯ ಮೇಲೆ ಹಾಕುತ್ತಾರೆ. ಬಾಲಕ್ಕೆ ಮೆತ್ತನೆ ಹಗ್ಗ. ಆಮೇಲೆ ಎರಡು ಬದಿಗೂ ದೋಣಿ ನಿಲ್ಲಿಸಿ, ತಲೆ ಮೇಲಿನ ಉಸಿರಿನ ತೂತು ನೀರಿನಿಂದ ಹೊರಗೇ ಇರುವ ಹಾಗೆ ಹಿಡಿದುಕೊಳ್ಳುತ್ತಾರೆ. ಕೆಲವು ಕಡೆ ಬಳೆ ಬಲೆಯ ಬದಲು ಉದ್ದ ಬಲೆ ಬಿಟ್ಟು ಹಿಡಿಯುವುದೂ ಇದೆ.

ಬೆನ್ನ ರೆಕ್ಕೆ ಇದ್ದಿದ್ದರೆ ಟ್ಯಾಗನ್ನು ಅದಕ್ಕೇ ಸಿಕ್ಕಿಸಬಹುದಿತ್ತು. ಇಲ್ಲಿ ಇರುವುದು ಏಣು ಮಾತ್ರ. ಅದರ ಕೆಳಗಿನ ಕೊಬ್ಬಿನ ಪದರದಲ್ಲಿ ಅಡ್ಡಕ್ಕೆ ತೂತು ಕೊರೆದು, ಶುದ್ಧ ಮಾಡಿದ ಪ್ಲಾಸ್ಟಿಕ್ ಕಡ್ಡಿಗಳನ್ನು ತೂರಿಸುತ್ತಾರೆ. ಆ ಕಡ್ಡಿಗಳಿಗೆ ಟ್ಯಾಗನ್ನು ಬಿಗಿಯುತ್ತಾರೆ. ಅಷ್ಟರಲ್ಲೇ ಇನ್ನೊಬ್ಬರು ಉದ್ದ ಅಳೆಯುತ್ತಾರೆ, ಮತ್ತೊಬ್ಬರು ಚರ್ಮದ ಚೂರು ತೆಗೆದು ಡಿಎನ್‌ಎ ಪರೀಕ್ಷೆಗೆ ಇಡುತ್ತಾರೆ. ಹಗ್ಗ ಬಿಚ್ಚಿದ ಕೂಡಲೇ ಪ್ರಾಣಿ ಹೊರಟುಹೋಗುತ್ತದೆ.

ಇದರಲ್ಲಿ ವಿಜ್ಞಾನಿಗಳಷ್ಟೇ, ಎಷ್ಟೋ ಸಲ ಅವರಿಗಿಂತ ಜಾಸ್ತಿ ಕೈ ಇರುವುದು ಅಲ್ಲಿನ ಇನ್ಯೂಟ್, ಇನ್ಯೂಪಿಯಾಟ್, ಇನುವಿಯಾಲುಯಿಟ್ ಎಂಬ ಮೂಲನಿವಾಸಿ ಬೇಟೆಗಾರರದ್ದು. ದೋಣಿ ಎಲ್ಲಿ ತಿರುಗಿಸಬೇಕು, ಬೆಲುಗಾ ಯಾವ ಕಡೆ ನುಣುಚಿಕೊಳ್ಳುತ್ತದೆ ಅನ್ನುವುದು ಪುಸ್ತಕದಲ್ಲಿ ಸಿಗುವ ವಿದ್ಯೆಯಲ್ಲ.

ಅದಕ್ಕೆ ನೋವಾಗುವುದಿಲ್ವಾ?

ಆಗುತ್ತದೆ. ಹಿಡಿಸಿಕೊಳ್ಳುವ ಗಾಬರಿಯೂ ಇದೆ, ಗಾಯವೂ ಇದೆ. ಹೆಚ್ಚಿನವು ಬೇಗ ಚೇತರಿಸಿಕೊಂಡು ಹಿಂಡಿನ ಜೊತೆ ನಡೆಯುತ್ತವೆ, ಗುರುತು ಮಾತ್ರ ಉಳಿಯುತ್ತದೆ. ಆದರೆ 'ಏನೂ ಆಗಲ್ಲ' ಅಂತ ಹೇಳುವವರ ಮಾತನ್ನು ನಾನು ನಂಬುವುದಿಲ್ಲ. ಸಂಖ್ಯೆ ಕಡಿಮೆ ಇರುವ ಹಿಂಡಿನಲ್ಲಿ ಒಂದೊಂದು ಜೀವವೂ ಮುಖ್ಯ. ಕುಕ್ ಇನ್ಲೆಟ್‌ನಲ್ಲಿ 2000ದ ಆಸುಪಾಸು ಕೆಲವಕ್ಕೆ ಟ್ಯಾಗ್ ಹಾಕಿ ಆಮೇಲೆ ಅದನ್ನು ನಿಲ್ಲಿಸಿ ಫೋಟೋ, ಡ್ರೋನ್, ನೀರಿನೊಳಗಿನ ಮೈಕುಗಳ ಕಡೆ ಹೊರಳಿದ್ದು ಒಳ್ಳೆಯದೇ ಆಯಿತು.

ತಿಮಿಂಗಿಲ ಎಲ್ಲಿದೆ ಅಂತ ಉಪಗ್ರಹಕ್ಕೆ ಹೇಗೆ ಗೊತ್ತಾಗುತ್ತದೆ?

ಹೆಚ್ಚಿನ ಟ್ಯಾಗ್‌ಗಳು ಬಳಸುವುದು ಆರ್ಗೋಸ್ ಎಂಬ ವ್ಯವಸ್ಥೆಯನ್ನು. ಫ್ರಾನ್ಸ್ ಮತ್ತು ಅಮೆರಿಕದ ಸಂಸ್ಥೆಗಳು ಸೇರಿ 1978ರಲ್ಲಿ ಶುರುಮಾಡಿದ್ದು. ಇಲ್ಲಿ ಟ್ಯಾಗ್‌ಗೆ ತಾನೆಲ್ಲಿದ್ದೇನೆ ಅಂತ ಗೊತ್ತಿರುವುದಿಲ್ಲ. ಅದು ಒಂದು ಸಣ್ಣ ರೇಡಿಯೋ ಸದ್ದು ಕಳಿಸುತ್ತದೆ, ಅಷ್ಟೇ. ಮೇಲೆ ಸುಮಾರು 850 ಕಿಲೋಮೀಟರ್ ಎತ್ತರದಲ್ಲಿ ಓಡುವ ಉಪಗ್ರಹ ಅದನ್ನು ಕೇಳಿಸಿಕೊಳ್ಳುತ್ತದೆ. ರೈಲು ಹತ್ತಿರ ಬರುವಾಗ ಸೀಟಿ ತೀಕ್ಷ್ಣವಾಗಿ, ದಾಟಿ ಹೋದ ಮೇಲೆ ದಪ್ಪವಾಗಿ ಕೇಳುತ್ತದೆ ಅಲ್ವಾ? ಅದೇ ತತ್ವ. ಸದ್ದಿನ ಏರಿಳಿತದಿಂದ ಟ್ಯಾಗ್ ಎಲ್ಲಿರಬಹುದು ಅಂತ ಲೆಕ್ಕ ಹಾಕುತ್ತಾರೆ.

ಈ ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಸುತ್ತುತ್ತವೆ. ಹಾಗಾಗಿ ಒಂದೊಂದು ಉಪಗ್ರಹವೂ ಧ್ರುವದ ಹತ್ತಿರ ದಿನಕ್ಕೆ 14 ಸಲ ಹಾದುಹೋಗುತ್ತದೆ. ಆರ್ಕ್‌ಟಿಕ್‌ನಲ್ಲಿ ಕೆಲಸ ಮಾಡುವವರಿಗೆ ಇದೊಂದು ಅದೃಷ್ಟ.

ತೊಂದರೆ ಬೇರೆ ಕಡೆ ಇದೆ. ರೇಡಿಯೋ ಅಲೆ ಉಪ್ಪುನೀರನ್ನು ದಾಟುವುದಿಲ್ಲ. ಟ್ಯಾಗ್‌ನಲ್ಲಿ ಒಂದು ಸ್ವಿಚ್ ಇದೆ. ಉಪ್ಪುನೀರು ತಾಕಿದಾಗ ಸುಮ್ಮನಿರುತ್ತದೆ, ಬೆನ್ನು ನೀರಿನಿಂದ ಮೇಲೆ ಬಂದಾಗ ಮಾತ್ರ ಸದ್ದು ಕಳಿಸುತ್ತದೆ. ಬೆಲುಗಾ ಉಸಿರಿಗೆ ಮೇಲೆ ಬಂದಾಗ ಸಿಗುವುದು ಕೆಲವೇ ಸೆಕೆಂಡ್. ಅದೇ ಹೊತ್ತಿಗೆ ತಲೆಯ ಮೇಲೆ ಉಪಗ್ರಹ ಇರಬೇಕು. ಒಂದು ಸಲಕ್ಕೆ ಹೋಗುವ ಸಂದೇಶವೂ ಪುಟಾಣಿ, ಹೆಚ್ಚೆಂದರೆ 32 ಬೈಟ್. ಅಷ್ಟರಲ್ಲೇ ಇಷ್ಟು ಹೊತ್ತಿನ ಮುಳುಗುವಿಕೆ, ಆಳ, ನೀರಿನ ಬಿಸಿ ಎಲ್ಲವನ್ನೂ ಅಡಕ ಮಾಡಬೇಕು.

ನಕ್ಷೆಯಲ್ಲಿ ತಿಮಿಂಗಿಲ ಗುಡ್ಡ ಹತ್ತಿದ ಹಾಗಿದೆ. ಇದೇನು?

ಹತ್ತಿಲ್ಲ. ಚುಕ್ಕಿ ತಪ್ಪಾಗಿದೆ. ಆರ್ಗೋಸ್ ಕೊಡುವ ಪ್ರತಿ ಚುಕ್ಕಿಗೂ ಒಂದು ದರ್ಜೆ ಇರುತ್ತದೆ. 3ನೇ ದರ್ಜೆಯದ್ದಾದರೆ ತಪ್ಪು 250 ಮೀಟರ್ ಒಳಗೆ. 1ನೇ ದರ್ಜೆಯದ್ದು ಒಂದೂವರೆ ಕಿಲೋಮೀಟರ್ ತನಕ ಆಚೀಚೆ ಆಗಬಹುದು. 0 ಬಂದರೆ ಅದಕ್ಕೂ ಜಾಸ್ತಿ. ಎ ಮತ್ತು ಬಿ ದರ್ಜೆಗೆ ತಪ್ಪಿನ ಅಂದಾಜೇ ಇಲ್ಲ. ಬೆಲುಗಾಗಳಿಂದ ಬರುವುದರಲ್ಲಿ ಇಂಥ ಕೆಳದರ್ಜೆಯ ಚುಕ್ಕಿಗಳೇ ರಾಶಿ. ಅವುಗಳನ್ನು ಸೋಸಬೇಕು: ಎರಡು ಚುಕ್ಕಿಗಳ ನಡುವೆ ಯಾವ ಬೆಲುಗಾವೂ ಈಜಲಾರದ ವೇಗ ಬಂದರೆ ಒಂದು ಸುಳ್ಳು. ನೆಲದ ಮೇಲೆ ಬಿದ್ದರೆ ಅದೂ ಸುಳ್ಳು.

ಉಳಿದ ಚುಕ್ಕಿಗಳ ನಡುವೆ ಎಳೆಯುವ ನೇರ ಗೆರೆಯೂ ಪೂರ್ತಿ ನಿಜವಲ್ಲ. ಎರಡು ಚುಕ್ಕಿಗಳ ನಡುವೆ ಹತ್ತು ಗಂಟೆ ಇದ್ದರೆ, ಆ ಹತ್ತು ಗಂಟೆ ಅದು ನೇರ ಹೋಯಿತೋ, ಒಂದು ಕೊಲ್ಲಿಯೊಳಗೆ ಸುತ್ತು ಹಾಕಿ ಬಂತೋ, ಗೆರೆ ಹೇಳುವುದಿಲ್ಲ.

ಟ್ಯಾಗ್ ಎಷ್ಟು ದಿನ ಇರುತ್ತದೆ?

ಸಾಮಾನ್ಯವಾಗಿ ಕೆಲವು ತಿಂಗಳು. ಕಡ್ಡಿಗಳು ನಿಧಾನವಾಗಿ ಹೊರಬರುತ್ತವೆ, ಮಂಜುಗಡ್ಡೆಗೆ ಉಜ್ಜಿ ಆಂಟೆನಾ ಮುರಿಯುತ್ತದೆ, ಇಲ್ಲವೇ ಬ್ಯಾಟರಿ ಮುಗಿಯುತ್ತದೆ. ಬೇಸಿಗೆಯಲ್ಲಿ ಹಾಕಿದ ಟ್ಯಾಗ್‌ಗಳಿಂದ ಶರತ್ಕಾಲದ ವಲಸೆ ಚೆನ್ನಾಗಿ ಗೊತ್ತಾಗಿದೆ. ವಸಂತದಲ್ಲಿ ವಾಪಸ್ ಬರುವ ದಾರಿಯ ಮಾಹಿತಿ ಅಷ್ಟು ಸಲೀಸಾಗಿ ಸಿಗುವುದಿಲ್ಲ. ಎಲ್ಲ ನಕ್ಷೆಗಳಲ್ಲೂ ಡಿಸೆಂಬರ್ ಆಚೆ ಗೆರೆಗಳು ಒಂದೊಂದಾಗಿ ತುಂಡಾಗುವುದನ್ನು ನೋಡಬಹುದು. ತಿಮಿಂಗಿಲ ಸತ್ತಿತು ಅಂತ ಅಲ್ಲ ಅದು.

ಟ್ಯಾಗ್‌ಗಳಿಂದ ಸಿಕ್ಕ ದೊಡ್ಡ ಅಚ್ಚರಿ ಯಾವುದು?

ನನ್ನ ಲೆಕ್ಕದಲ್ಲಿ 1998ರದ್ದು. ಅಲಾಸ್ಕಾದ ಪಾಯಿಂಟ್ ಲೇ ಎಂಬ ಊರಿನ ಹತ್ತಿರ ಕಾಸೆಗಲುಕ್ ಎಂಬ ಹಿನ್ನೀರಿದೆ. ಆ ವರ್ಷ ಜೂನ್ ಕೊನೆ, ಜುಲೈ ಮೊದಲಿಗೆ ಅಲ್ಲಿ ಐದು ಬೆಲುಗಾಗಳಿಗೆ ಟ್ಯಾಗ್ ಹಾಕಿದರು. ಐದೂ ಗಂಡು. ಬೆಲುಗಾಗಳು ದಡದ ಪಕ್ಕ, ಮಂಜುಗಡ್ಡೆಯ ಅಂಚಿನಲ್ಲಿ ಓಡಾಡುತ್ತವೆ ಅನ್ನುವುದು ಆಗಿನ ತಿಳಿವಳಿಕೆ. ಈ ಐದರಲ್ಲಿ ಮೂರು ಸೀದಾ ಉತ್ತರಕ್ಕೆ ಹೊರಟವು. 80 ಡಿಗ್ರಿ ಉತ್ತರ ಅಕ್ಷಾಂಶ ಮುಟ್ಟಿದವು, ಅಂದರೆ ಅಲಾಸ್ಕಾ ದಡದಿಂದ ಸುಮಾರು 1,100 ಕಿಲೋಮೀಟರ್ ದೂರ. ಅಲ್ಲಿಗೆ ಹೋಗಲು ಶೇಕಡಾ 90ಕ್ಕಿಂತ ಜಾಸ್ತಿ ಮಂಜುಗಡ್ಡೆ ಮುಚ್ಚಿದ್ದ 700 ಕಿಲೋಮೀಟರ್ ಕಡಲನ್ನು ದಾಟಬೇಕಿತ್ತು.

ಸ್ವಲ್ಪ ಯೋಚಿಸಿ. ಇದು ಗಾಳಿ ಉಸಿರಾಡುವ ಪ್ರಾಣಿ. ಮೇಲೆ ಮಂಜಿನ ಚಾವಣಿ. ಮುಂದಿನ ಬಿರುಕು ಎಲ್ಲಿದೆ ಅಂತ ಕತ್ತಲಲ್ಲಿ ಸದ್ದು ಕಳಿಸಿ, ಮರುದನಿ ಕೇಳಿ ಕಂಡುಕೊಳ್ಳಬೇಕು. ತಪ್ಪಿದರೆ ಉಸಿರಿಲ್ಲ.

ಎಷ್ಟು ಆಳಕ್ಕೆ ಇಳಿಯುತ್ತವೆ?

ಬ್ಯೂಫೋರ್ಟ್ ಕಡಲಿನ ಆಳ ಜಾಗಗಳಲ್ಲಿ 900 ಮೀಟರ್ ದಾಟಿ ಇಳಿದದ್ದು ದಾಖಲಾಗಿದೆ. ಆದರೆ ಹೆಚ್ಚು ಇಳಿಯುವುದು ಆರ್ಕ್‌ಟಿಕ್ ಕಾಡ್ ಎಂಬ ಮೀನು ಸಿಗುವ ಮಟ್ಟಕ್ಕೆ.

ತಿಮಿಂಗಿಲವೇ ಸಮುದ್ರ ಅಳೆಯುತ್ತದೆ ಅಂತಾರೆ, ನಿಜವಾ?

ನಿಜ. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ನೀರಿನ ಬಿಸಿ ಮತ್ತು ಉಪ್ಪು ಅಳೆಯುವ ಉಪಕರಣವನ್ನು ಬೆಲುಗಾಗಳ ಟ್ಯಾಗ್‌ನಲ್ಲೇ ಇಟ್ಟರು. ಹಡಗು ಹೋಗಲಾಗದ, ಹೆಪ್ಪುಗಟ್ಟುತ್ತಿರುವ ನೀರಿನ ಒಳಗಿನ ವಿವರ ಹಾಗೆ ಸಿಕ್ಕಿತು. ಅಲ್ಲಿನ ಹಿಂಡು ತೀರಾ ಚಿಕ್ಕದು. 2018ರ ಎಣಿಕೆಯ ಅಂದಾಜು ಬರೀ 549. ದಡ ಬಿಟ್ಟು ಹೋಗುವುದೇ ಅಪರೂಪ. ಹಿಮನದಿಗಳು ಕಡಲಿಗೆ ಇಳಿಯುವ ಜಾಗಗಳಲ್ಲಿ ಅವು ತುಂಬಾ ಹೊತ್ತು ಕಳೆಯುತ್ತವೆ.

ದಾರಿ ಅವಕ್ಕೆ ಹೇಗೆ ಗೊತ್ತು?

ಅಮ್ಮನಿಂದ. ಮರಿ ಹೆಚ್ಚೂಕಡಿಮೆ ಎರಡು ವರ್ಷ ಹಾಲು ಕುಡಿಯುತ್ತದೆ. ಅಷ್ಟರಲ್ಲಿ ಅಮ್ಮನ ಪಕ್ಕದಲ್ಲೇ ಪೂರ್ತಿ ದಾರಿಯನ್ನು ಹೋಗಿಬಂದಿರುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪೆಸಿಫಿಕ್ ಕಡೆಯ 1,600ಕ್ಕೂ ಹೆಚ್ಚು ಬೆಲುಗಾಗಳ ಡಿಎನ್‌ಎ ನೋಡಿದರು. ತಲೆಮಾರು ಕಳೆದರೂ ಅದೇ ವಂಶದವು ಅದೇ ಅಳಿವೆಗೆ ಬರುತ್ತಿದ್ದವು. ಹಡ್ಸನ್ ಕೊಲ್ಲಿಯಲ್ಲಿ ನಡೆದ ಇನ್ನೊಂದು ಕೆಲಸದಲ್ಲಿ ವಲಸೆಯ ಹೊತ್ತಿನಲ್ಲಿ ನೆಂಟರಿಷ್ಟರು ಒಟ್ಟಿಗೆ ಹೋಗುವುದು ಕಂಡಿತು.

ಬೆಲುಗಾ ಹೆಣ್ಣುಗಳು ಮರಿ ಹಾಕುವ ವಯಸ್ಸು ದಾಟಿದ ಮೇಲೂ ಬಹಳ ವರ್ಷ ಬದುಕುತ್ತವೆ. ಪ್ರಾಣಿಗಳಲ್ಲಿ ಇದು ತೀರಾ ವಿರಳ. ದಾರಿ ಗೊತ್ತಿರುವ ಅಜ್ಜಿ ಜೊತೆಗಿದ್ದರೆ ಹಿಂಡಿಗೆ ಲಾಭ ಇದ್ದೇ ಇರುತ್ತದೆ ಅನ್ನುವುದು ನನ್ನ ಊಹೆ. ಇದರ ಇನ್ನೊಂದು ಮುಖವೂ ಇದೆ. ಒಂದು ಅಳಿವೆಯ ಹಿಂಡನ್ನು ಪೂರ್ತಿ ಬೇಟೆಯಾಡಿ ಮುಗಿಸಿದರೆ, ಆ ದಾರಿ ಗೊತ್ತಿರುವವರೇ ಇಲ್ಲವಾಗುತ್ತಾರೆ. ಪಕ್ಕದ ಹಿಂಡು ಬಂದು ಆ ಜಾಗ ತುಂಬುತ್ತದೆ ಅಂತ ಕಾಯುವುದರಲ್ಲಿ ಅರ್ಥವಿಲ್ಲ.

ಟ್ಯಾಗ್ ಇಲ್ಲದೆ ಜಾಡು ಹಿಡಿಯಬಹುದಾ?

ಧಾರಾಳವಾಗಿ. ಬೆಲುಗಾಗಳು ಮಹಾ ಬಾಯಾಳಿಗಳು. ಹಳೇ ನಾವಿಕರು 'ಕಡಲಿನ ಕ್ಯಾನರಿ ಹಕ್ಕಿ' ಅನ್ನುತ್ತಿದ್ದರು. ಸಿಳ್ಳೆ, ಚಿಲಿಪಿಲಿ, ಕಿರುಗುಟ್ಟುವಿಕೆ ಎಲ್ಲವೂ ಇದೆ. ಹಾಗಾಗಿ ಕಡಲ ತಳಕ್ಕೆ ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕು, ಇಳಿಬಿಟ್ಟು ವರ್ಷ ಪೂರ್ತಿ ಬಿಡುತ್ತಾರೆ. ಮೇಲೆ ಮಂಜು ಕಟ್ಟಿದರೂ ಅದು ಕೇಳುತ್ತಲೇ ಇರುತ್ತದೆ. ಮುಂದಿನ ಬೇಸಿಗೆ ಹಡಗು ಬಂದು ಎತ್ತಿಕೊಂಡು ಹೋಗುತ್ತದೆ. ಯಾವ ವಾರ ಹಿಂಡು ಹಾದುಹೋಯಿತು ಅನ್ನುವುದು ಆಗ ಗೊತ್ತಾಗುತ್ತದೆ. ಒಂದೇ ಕೊರತೆ: ಓರ್ಕಾ ಹತ್ತಿರ ಬಂದರೆ ಬೆಲುಗಾಗಳು ಗಪ್‌ಚುಪ್. ಸದ್ದಿಲ್ಲ ಅಂದರೆ ತಿಮಿಂಗಿಲ ಇಲ್ಲ ಅಂತ ಅಲ್ಲ.

ವಿಮಾನದಿಂದ ಎಣಿಸುವುದು ಹಳೇ ವಿಧಾನ. ಕುಕ್ ಇನ್ಲೆಟ್‌ನಲ್ಲಿ ಕೆಸರು ನೀರು, ಬೂದು ಮರಿಗಳು ಅದರಲ್ಲೇ ಕರಗಿಹೋಗುತ್ತವೆ. ಆದ್ದರಿಂದ ವಿಡಿಯೋ ಮಾಡಿ, ಆಮೇಲೆ ಕೂತು ಮತ್ತೆ ಮತ್ತೆ ನೋಡಿ ಎಣಿಸುತ್ತಾರೆ. 1979ರಲ್ಲಿ ಅಲ್ಲಿ ಸುಮಾರು 1,300 ಇದ್ದವು. 2022ರ ಅಂದಾಜು 331. ಈಗೀಗ ಉಪಗ್ರಹದಿಂದ ತೆಗೆದ ಫೋಟೋಗಳಲ್ಲೂ ಬೆಲುಗಾ ಎಣಿಸುತ್ತಾರೆ. ಕಪ್ಪು ನೀರಿನ ಮೇಲೆ ಬಿಳಿ ಚುಕ್ಕಿ ಕಾಣುವುದು ಸುಲಭ, ಅಲೆಯ ನೊರೆ ಇಲ್ಲದಿದ್ದರೆ.

ಅಲ್ಲಿನ ಜನರಿಗೆ ಇದೆಲ್ಲ ಮೊದಲೇ ಗೊತ್ತಿರಲಿಲ್ಲವಾ?

ಬಹಳಷ್ಟು ಗೊತ್ತಿತ್ತು. ಇದಕ್ಕೆ ನನಗೆ ತುಂಬಾ ಇಷ್ಟವಾದ ಪ್ರಸಂಗ ಒಂದಿದೆ. 1990ರ ದಶಕದಲ್ಲಿ ಅಲಾಸ್ಕಾದ ನಾರ್ಟನ್ ಕೊಲ್ಲಿಯ ಕಡೆ ಸಂಶೋಧಕರು ಹಿರಿಯ ಬೇಟೆಗಾರರನ್ನು ಕೂರಿಸಿಕೊಂಡು ಬೆಲುಗಾಗಳ ಬಗ್ಗೆ ಕೇಳುತ್ತಿದ್ದರು. ಮಾತು ಇದ್ದಕ್ಕಿದ್ದ ಹಾಗೆ ಬೀವರ್ ಎಂಬ ಪ್ರಾಣಿಗಳ ಕಡೆ ಹೊರಳಿತು. ಕೇಳುವವರಿಗೆ ದಾರಿ ತಪ್ಪಿತು ಅನ್ನಿಸಿತು. ತಪ್ಪಿರಲಿಲ್ಲ. ಬೀವರ್ ಜಾಸ್ತಿಯಾಗಿವೆ, ತೊರೆಗಳಿಗೆ ಒಡ್ಡು ಕಟ್ಟುತ್ತಿವೆ, ಒಡ್ಡು ಕಟ್ಟಿದರೆ ಸಾಲ್ಮನ್ ಮೇಲೆ ಹೋಗಿ ಮೊಟ್ಟೆ ಇಡಲಾಗದು, ಸಾಲ್ಮನ್ ಇಲ್ಲದಿದ್ದರೆ ಬೆಲುಗಾಗೆ ಊಟವಿಲ್ಲ. ಯಾವ ಟ್ಯಾಗ್ ಇದನ್ನು ಹೇಳುತ್ತಿತ್ತು ಹೇಳಿ?

ಹವಾಮಾನ ಬದಲಾವಣೆಯಿಂದ ವಲಸೆ ಬದಲಾಗಿದೆಯಾ?

ಒಂದೇ ಉತ್ತರ ಇಲ್ಲ. 2017ರಲ್ಲಿ ಬಂದ ಅಧ್ಯಯನವೊಂದು 1993-2002ರ ಟ್ಯಾಗ್‌ಗಳನ್ನು 2007-2012ರವುಗಳ ಜೊತೆ ಹೋಲಿಸಿತು. ಅಲಾಸ್ಕಾದ ವಾಯವ್ಯಕ್ಕಿರುವ ಚುಕ್ಚಿ ಕಡಲಿನ ಹಿಂಡು ಶರತ್ಕಾಲದ ವಲಸೆಯನ್ನು ಎರಡರಿಂದ ನಾಲ್ಕು ವಾರಕ್ಕಿಂತಲೂ ಹೆಚ್ಚು ತಡಮಾಡುತ್ತಿತ್ತು. ಕಡಲು ಹೆಪ್ಪುಗಟ್ಟುವುದೇ ತಡವಾಗಿತ್ತಲ್ಲ. ಆದರೆ ಪಕ್ಕದಲ್ಲೇ ಓಡಾಡುವ ಬ್ಯೂಫೋರ್ಟ್ ಹಿಂಡು ಹಳೇ ಹೊತ್ತಿಗೇ ಹೊರಡುತ್ತಿತ್ತು. ಅದೇ ಕಡಲು, ಅದೇ ಜಾತಿ, ನಡವಳಿಕೆ ಬೇರೆ. ಅಮ್ಮ ಕಲಿಸಿದ ವೇಳಾಪಟ್ಟಿ ಅಂದರೆ ಇದೇ ಇರಬೇಕು.

ತಡಮಾಡುವುದರಲ್ಲಿ ಅಪಾಯವೂ ಇದೆ. ನೀರು ಒಮ್ಮೆಲೇ ಹೆಪ್ಪುಗಟ್ಟಿದರೆ ಹಿಂಡು ಸಣ್ಣ ತೂತಿನ ಸುತ್ತ ಸಿಕ್ಕಿಬೀಳುತ್ತದೆ. 1984-85ರ ಚಳಿಗಾಲದಲ್ಲಿ ರಷ್ಯಾದ ಚುಕೋಟ್ಕಾದ ಸೆನ್ಯಾವಿನ್ ಜಲಸಂಧಿಯಲ್ಲಿ ಸಾವಿರಾರು ಬೆಲುಗಾಗಳು ಹೀಗೆ ಸಿಕ್ಕಿಕೊಂಡಿದ್ದವು. 'ಮಾಸ್ಕ್ವಾ' ಎಂಬ ಮಂಜುಗಡ್ಡೆ ಒಡೆಯುವ ಹಡಗು ದಾರಿ ಮಾಡಿಕೊಟ್ಟಿತು. ಹಡಗಿಗೆ ಹೆದರಿ ಅವು ಮುಂದೆ ಬರಲಿಲ್ಲ. ಸಂಗೀತ ಹಾಕಿದ ಮೇಲೆ ಹಿಂದೆ ಬಂದವು ಅನ್ನುತ್ತಾರೆ.

ಜಾಡು ಹಿಡಿದು ಏನು ಉಪಯೋಗ?

ಆರ್ಕ್‌ಟಿಕ್‌ನ ಹಲವು ಕಡೆಯ ಮೂಲನಿವಾಸಿಗಳು ಈ ತಿಮಿಂಗಿಲವನ್ನು ಊಟಕ್ಕಾಗಿ ಬೇಟೆಯಾಡುತ್ತಾರೆ. ಅದು ಅವರ ಹಕ್ಕು. ಕ್ವಿಬೆಕ್‌ನ ಉತ್ತರದ ನುನಾವಿಕ್‌ನಲ್ಲಿ ದೊಡ್ಡ ಹಿಂಡೂ, ಅಳಿವಿನ ಅಂಚಿನ ಹಿಂಡೂ ಹಡ್ಸನ್ ಜಲಸಂಧಿಯಲ್ಲೇ ಹಾದುಹೋಗುತ್ತವೆ. ನೋಡಲು ಎರಡೂ ಒಂದೇ ಥರ. ಯಾವ ತಿಂಗಳು ಯಾವುದು ಹೋಗುತ್ತದೆ ಅನ್ನುವುದು ಟ್ಯಾಗ್ ಮತ್ತು ಡಿಎನ್‌ಎಯಿಂದ ಗೊತ್ತಾದರೆ ಬೇಟೆಯ ಮಿತಿ ಹಾಕಬಹುದು. ಮೆಕೆಂಜಿ ಅಳಿವೆಯಲ್ಲಿ 2010ರಲ್ಲಿ ತಾರಿಯಮ್ ನಿರ್ಯುತೈತ್ ಎಂಬ ರಕ್ಷಿತ ಕಡಲಪ್ರದೇಶ ಮಾಡಿದ್ದೂ ಬೆಲುಗಾಗಳಿಗಾಗಿಯೇ. ಹಡಗುಗಳ ವಿಷಯವೂ ಇದೆ: ಮಂಜುಗಡ್ಡೆ ಒಡೆಯುವ ಹಡಗಿನ ಸದ್ದಿಗೆ ಬೆಲುಗಾಗಳು 35-50 ಕಿಲೋಮೀಟರ್ ದೂರದಿಂದಲೇ ಓಡಿದ್ದು 1980ರ ದಶಕದಲ್ಲೇ ಕಂಡಿದೆ.

ಯೂರೋಪಿನ ನದಿಗಳಲ್ಲಿ ಕಂಡ ಬೆಲುಗಾಗಳು ವಲಸೆ ಹೊರಟವಾ?

ಅಲ್ಲ, ದಾರಿ ತಪ್ಪಿದವು. 1966ರಲ್ಲಿ ಒಂದು ರೈನ್ ನದಿಯಲ್ಲಿ ಜರ್ಮನಿಯ ಬಾನ್ ನಗರದ ತನಕ ಹೋಗಿತ್ತು. 2018ರಲ್ಲಿ ಥೇಮ್ಸ್‌ನಲ್ಲಿ, 2022ರಲ್ಲಿ ಸೇನ್ ನದಿಯಲ್ಲಿ ಒಂದೊಂದು ಕಂಡವು. ಸೇನ್‌ನದ್ದು ಪಾಪ, ಬಡಕಲಾಗಿತ್ತು, ಸಾಗಿಸುವಾಗ ಉಳಿಯಲಿಲ್ಲ.

ಮನೆಯಲ್ಲೇ ಕೂತು ಇದರಲ್ಲಿ ಸೇರಬಹುದಾ?

ಸೇರಬಹುದು. ಚರ್ಚಿಲ್ ನದಿಯಲ್ಲಿ ಜುಲೈ, ಆಗಸ್ಟ್‌ನಲ್ಲಿ ಒಂದು ದೋಣಿಯ ಕೆಳಗೆ ಕ್ಯಾಮೆರಾ ಕಟ್ಟಿ ನೇರಪ್ರಸಾರ ಮಾಡುತ್ತಾರೆ. ಅದರಿಂದ ತೆಗೆದ ಚಿತ್ರಗಳನ್ನು 'ಬೆಲುಗಾ ಬಿಟ್ಸ್' ಎಂಬ ಯೋಜನೆಯಲ್ಲಿ ಸಾಮಾನ್ಯ ಜನ ವಿಂಗಡಿಸುತ್ತಾರೆ: ಮರಿಯೋ ದೊಡ್ಡದೋ, ಮೈಮೇಲೆ ಗಾಯದ ಗುರುತು ಇದೆಯಾ. ಅದೇ ಗುರುತು ಮುಂದಿನ ಬೇಸಿಗೆ ಮತ್ತೆ ಕಂಡರೆ ಅದೇ ಬೆಲುಗಾ ಅದೇ ನದಿಗೆ ವಾಪಸ್ ಬಂದಿದೆ ಅಂತ ಲೆಕ್ಕ. ಟ್ಯಾಗ್ ಇಲ್ಲದೆಯೇ ಎರಡು ಚುಕ್ಕಿ ಸಿಕ್ಕವು.

ಮೊದಲು ಕೆಲವು ಹೊತ್ತು ಹಸಿರು ನೀರು ಬಿಟ್ಟರೆ ಏನೂ ಕಾಣದು. ಬೇಸರ ಮಾಡಿಕೊಳ್ಳಬೇಡಿ. ಮೈಕಿನ ಸದ್ದು ಜೋರಾಗಿ ಇಟ್ಟುಕೊಳ್ಳಿ. ಕಾಣುವ ಮೊದಲೇ ಕೇಳಿಸುತ್ತದೆ: ಬಾಗಿಲು ಕಿರುಗುಟ್ಟಿದ ಹಾಗೆ ಒಂದು, ಸಿಳ್ಳೆ ಒಂದು. ಆಮೇಲೆ ಪರದೆಯ ಮೂಲೆಯಿಂದ ಬಿಳೀ ಹಣೆಯೊಂದು ಬಂದು ಕ್ಯಾಮೆರಾಕ್ಕೆ ತಲೆ ಓರೆ ಮಾಡಿ ನೋಡುತ್ತದೆ. ಅದರ ಪಕ್ಕಕ್ಕೆ ಅಂಟಿಕೊಂಡು ಬೂದು ಬಣ್ಣದ ಮರಿ.